ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡ್ರಾ? ಮೊದಲು ಎಂಜಿನ್ ಆಯಿಲ್ ಬದಲಿಸಿ

ಕೂಡ್ಲಿಗಿ: ಹಳೇ ಬೈಕ್ ಕೊಳ್ಳುವವರು ಟೈರ್ ನೋಡ್ತಾರೆ, ಆರ್‌ಸಿ, ಇನ್ಶೂರೆನ್ಸ್ ಕೇಳ್ತಾರೆ, ಒಂದು ರೌಂಡ್ ಓಡಿಸ್ತಾರೆ. ಎಂಜಿನ್‌ನಲ್ಲಿ ಯಾವ ಆಯಿಲ್ ಇದೆ, ಹಾಕಿಸಿ ಎಷ್ಟು ದಿನ ಆಯ್ತು ಅಂತ ಕೇಳುವವರು ಕಡಿಮೆ. ಕೇಳಿದರೂ ಮಾರುವವರು ‘ಮೊನ್ನೆ ತಾನೇ ಹಾಕ್ಸೀನಿ’ ಅಂತಾರೆ. ಆ ಮಾತು ನಂಬಿ ತಿಂಗಳುಗಟ್ಟಲೆ ಓಡಿಸಿದರೆ ಪಿಸ್ಟನ್, ರಿಂಗ್ ಸವೆದು ಎಂಜಿನ್ ಬಿಚ್ಚುವ ಹೊತ್ತು ಬರುತ್ತದೆ. ನಾಲ್ಕೈದು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ ಸಾವಿರಾರು ರೂಪಾಯಿಗೆ ಹೋಗುತ್ತದೆ. ಹಾಗಾಗಿ ಗಾಡಿ ಕೈಗೆ ಬಂದ ದಿನವೇ ಆಯಿಲ್ ಬದಲಿಸುವುದು ಲೇಸು.

ಯಾವ ಆಯಿಲ್?

ಡಬ್ಬಿಯ ಮೇಲೆ ಎರಡು ವಿಷಯ ನೋಡಬೇಕು. ಮೊದಲನೆಯದು ಗ್ರೇಡ್. ಸ್ಪ್ಲೆಂಡರ್, ಶೈನ್‌ಗೆ ಕಂಪನಿ ಹೇಳುವುದು 10ಡಬ್ಲ್ಯೂ-30. ಪಲ್ಸರ್‌ನ ಹಲವು ಮಾಡೆಲ್‌ಗೆ 20ಡಬ್ಲ್ಯೂ-50. ಮೊದಲ ಸಂಖ್ಯೆ ತಣ್ಣಗಿದ್ದಾಗ ಆಯಿಲ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು, ಎರಡನೆಯದು ಕಾದ ಮೇಲೆ ಎಷ್ಟು ಮಂದ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. ‘ಬಿಸಿಲು ಜಾಸ್ತಿ, ಮಂದ ಆಯಿಲ್ ಹಾಕ್ರಿ’ ಎಂಬ ಮಾತಿಗಿಂತ ಕಂಪನಿ ಪುಸ್ತಕದ ಮಾತೇ ಸರಿ. ಮಂದ ಆಯಿಲ್‌ನಿಂದ ಎಂಜಿನ್ ಸದ್ದು ಸ್ವಲ್ಪ ಅಡಗಬಹುದು, ಸವೆದ ರಿಂಗ್ ರಿಪೇರಿ ಆಗುವುದಿಲ್ಲ.

ಎರಡನೆಯದು ‘ಜಾಸೋ ಎಂಎ’ ಅಥವಾ ‘ಎಂಎ2’ ಗುರುತು. ನಮ್ಮ ಗೇರ್ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್‌ನಲ್ಲಿ ಜಾರಿಕೆ ಹೆಚ್ಚು. ಅದನ್ನು ಹಾಕಿದರೆ ಕ್ಲಚ್ ಜಾರಬಹುದು. ಎಕ್ಸಲೇಟರ್ ತಿರುಗಿಸಿದಷ್ಟು ಸದ್ದು ಏರುತ್ತದೆ, ಗಾಡಿ ಏರು ಹತ್ತುವುದಿಲ್ಲ. ‘ಎಂಬಿ’ ಗುರುತಿನದು ಗೇರ್ ಇಲ್ಲದ ಸ್ಕೂಟರ್‌ಗೆ.

ಸೀಲ್ ಒಡೆದ ಡಬ್ಬಿ ಬೇಡ. ಖಾಲಿ ಡಬ್ಬಿಗೆ ತೂತು ಹಾಕಿ ಬಿಸಾಡಿದರೆ ಅದರಲ್ಲಿ ನಕಲಿ ತುಂಬಿ ಮಾರುವವರಿಗೆ ದಾರಿ ಇರುವುದಿಲ್ಲ.

ಬದಲಿಸುವುದು ಹೇಗೆ?

ಗಾಡಿಯನ್ನು ಐದು ನಿಮಿಷ ಚಾಲೂ ಇಟ್ಟು ನಿಲ್ಲಿಸಿ. ಬೆಚ್ಚಗಾದ ಆಯಿಲ್ ಪೂರ್ತಿ ಇಳಿಯುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ. ಇಳಿದ ಆಯಿಲ್ ಕಪ್ಪಗಿದ್ದರೆ ಗಾಬರಿ ಬೇಡ. ಹಾಲು ಬೆರೆತ ಚಹಾದಂತಿದ್ದರೆ ನೀರು ಸೇರಿದೆ. ಹೊಳೆಯುವ ಲೋಹದ ಚೂರು ಕಂಡರೆ ಒಳಗೆ ಸವೆತ ಇದೆ, ಮೆಕ್ಯಾನಿಕ್‌ಗೆ ತೋರಿಸಿ. ಸೀಮೆಎಣ್ಣೆ, ಡೀಸೆಲ್ ಹಾಕಿ ತೊಳೆಯಬೇಡಿ. ಒಳಗೆ ಉಳಿದರೆ ಹೊಸ ಆಯಿಲ್ ತೆಳುವಾಗುತ್ತದೆ.

ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿ ಮಾಡಿ. ಅತಿಯಾಗಿ ಬಿಗಿದರೆ ಥ್ರೆಡ್ ಹೋಗುತ್ತದೆ. ಫಿಲ್ಟರ್ ಇರುವ ಬೈಕ್‌ನಲ್ಲಿ ಅದನ್ನೂ ಬದಲಿಸಿ. ಸ್ಪ್ಲೆಂಡರ್‌ನಂಥ ಗಾಡಿಗೆ ಒಂದು ಲೀಟರ್‌ಗಿಂತ ತುಸು ಕಡಿಮೆ ಆಯಿಲ್ ಸಾಕು. ಎರಡು ನಿಮಿಷ ಚಾಲೂ ಇಟ್ಟು, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿಯಲ್ಲಿ ಮಟ್ಟ ನೋಡಿ. ಎರಡು ಗೆರೆ ನಡುವೆ ಇರಬೇಕು. ಹೆಚ್ಚಾದರೂ ತೊಂದರೆಯೇ.

ಮುಂದೆ ಯಾವಾಗ?

ಮಣ್ಣು ರಸ್ತೆ, ಧೂಳು, ಹಿಂದೆ ಚೀಲದ ಲೋಡು ಇದ್ದರೆ 2,500ರಿಂದ 3,000 ಕಿ.ಮೀ.ಗೆ ಬದಲಿಸುವುದು ಕ್ಷೇಮ. ದಿನಕ್ಕೆ 40 ಕಿ.ಮೀ. ಓಡಿಸುವ ಹಾಲಿನವರು, ಅಂಗಡಿಯವರಿಗೆ ಎರಡೂವರೆ ತಿಂಗಳಿಗೇ 3,000 ಮುಗಿಯುತ್ತದೆ. ಮೀಟರ್ ಕೆಟ್ಟಿದ್ದರೆ ಕ್ಯಾಲೆಂಡರ್‌ನಲ್ಲಿ ದಿನಾಂಕ ಗುರುತು ಮಾಡಿ.

ಇಳಿಸಿದ ಹಳೇ ಆಯಿಲ್ ಚರಂಡಿಗೆ, ಹೊಲದ ಬದುವಿಗೆ ಚೆಲ್ಲಬೇಡಿ. ಅದು ಮಣ್ಣು, ಬಾವಿ ನೀರು ಎರಡನ್ನೂ ಕೆಡಿಸುತ್ತದೆ. ಡಬ್ಬಿಯಲ್ಲಿ ತುಂಬಿ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜ್‌ಗೆ ಕೊಡಿ.