ತಿನ್ನುವ ಸೇಬಿನ ತಳಿಗಳು: ಕಣ್ಣಿಗಿಂತ ನಾಲಿಗೆಯನ್ನು ನಂಬಿ

ಮಾವಿನ ವಿಷಯದಲ್ಲಿ ನಮ್ಮ ರೈತರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ರಸಪುರಿ ರಸ ಹಿಂಡಿ ಸವಿಯಲು, ಬಾದಾಮಿ ಹೋಳು ಮಾಡಿ ತಿನ್ನಲು, ತೋತಾಪುರಿ ಉಪ್ಪುಖಾರ ಹಚ್ಚಿ ಕಚ್ಚಲು ಎಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಆದರೆ ಸೇಬಿನ ಮಾತು ಬಂದಾಗ ನಾವು ಕೇಳುವ ಪ್ರಶ್ನೆ ಒಂದೇ: ಹಣ್ಣು ಕೆಂಪಗಿದೆಯೇ? ನಾವು ಸೇಬನ್ನು ಕೊಂಡು ತಿನ್ನುವವರಷ್ಟೇ ಆಗಿದ್ದಾಗ ಇದರಿಂದ ಹೆಚ್ಚಿನ ನಷ್ಟವಿರಲಿಲ್ಲ. ಈಗ ಹಾಗಲ್ಲ. ಕಡಿಮೆ ಚಳಿ ಸಾಕಾಗುವ ಸೇಬಿನ ಗಿಡಗಳನ್ನು ಕರ್ನಾಟಕದ ಬಯಲು ಸೀಮೆಯಲ್ಲಿಯೂ ಕೆಲವು ರೈತರು ನೆಟ್ಟಿದ್ದಾರೆ. ಇನ್ನು ಕೆಲವರು ನೆಡುವ ಯೋಚನೆಯಲ್ಲಿದ್ದಾರೆ. ಸಸಿ ಮಾರುವವರು ತೋರಿಸುವ ಕೆಂಪು ಹಣ್ಣಿನ ಚಿತ್ರವನ್ನು ನಂಬಿ ಹಣ ಹೂಡುವ ಮೊದಲು, ಯಾವ ತಳಿ ಬಾಯಿಗೆ ಹೇಗಿರುತ್ತದೆ ಮತ್ತು ಏಕೆ ಹಾಗಿರುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯಕ.

ಸೇಬಿನ ರುಚಿ ಎಂದರೇನು?

ತಿನ್ನುವ ಸೇಬನ್ನು ಐದು ಗುಣಗಳಿಂದ ಅಳೆಯಬೇಕು: ಗರಿಗರಿತನ, ರಸ, ಸಿಹಿ-ಹುಳಿಗಳ ಹೊಂದಾಣಿಕೆ, ಪರಿಮಳ ಮತ್ತು ಸಿಪ್ಪೆಯ ತೆಳುವು. ಬಣ್ಣ ಈ ಪಟ್ಟಿಯಲ್ಲಿಲ್ಲ.

ಕಾಯಿ ಬೆಳೆಯುವಾಗ ಸೇಬಿನಲ್ಲಿ ಪಿಷ್ಟ ತುಂಬಿಕೊಳ್ಳುತ್ತದೆ. ಬಲಿತು ಹಣ್ಣಾಗುವಾಗ ಈ ಪಿಷ್ಟವು ಸಕ್ಕರೆಯಾಗಿ ಮಾರ್ಪಡುತ್ತದೆ. ಸೇಬಿನ ಹುಳಿಗೆ ಮುಖ್ಯ ಕಾರಣ ಮ್ಯಾಲಿಕ್ ಆಮ್ಲ. ಹಣ್ಣನ್ನು ಇಟ್ಟಷ್ಟೂ ಈ ಆಮ್ಲ ಕಡಿಮೆಯಾಗುತ್ತ ಹೋಗುತ್ತದೆ. ಸಕ್ಕರೆ ಸಾಕಷ್ಟಿದ್ದರೂ ಹುಳಿ ತೀರ ಇಳಿದರೆ ಹಣ್ಣು ಸಪ್ಪೆ ಎನಿಸುತ್ತದೆ.

ಗರಿಗರಿತನದ ಗುಟ್ಟು ಹಣ್ಣಿನ ಜೀವಕೋಶಗಳಲ್ಲಿದೆ. ತಾಜಾ ಹಣ್ಣಿನಲ್ಲಿ ಕೋಶಗಳು ಪೆಕ್ಟಿನ್ ಎಂಬ ಅಂಟಿನಿಂದ ಒಂದಕ್ಕೊಂದು ಬಿಗಿಯಾಗಿ ಹೊಂದಿಕೊಂಡಿರುತ್ತವೆ. ಕಚ್ಚಿದಾಗ ಕೋಶಗಳೇ ಒಡೆದು ರಸ ಚಿಮ್ಮುತ್ತದೆ. ಎಳೆ ಸೌತೆಕಾಯಿ ಕಚ್ಚಿದ ಅನುಭವವಾಗುತ್ತದೆ. ಹಣ್ಣು ಹಳೆಯದಾದಂತೆ ಅಂಟು ಕರಗಿ, ಕೋಶಗಳು ಒಡೆಯದೆ ಬಿಡಿಬಿಡಿಯಾಗಿ ಉದುರುತ್ತವೆ. ರಸ ಒಳಗೇ ಉಳಿದು, ಬೆಂದ ಆಲೂಗಡ್ಡೆ ತಿಂದಂತೆ ಬಾಯಿಯೆಲ್ಲ ಹಿಟ್ಟು ಹಿಟ್ಟಾಗುತ್ತದೆ. ಇಂಥ ಹಣ್ಣು ಹೊರಗಿನಿಂದ ಎಷ್ಟೇ ಕೆಂಪಗಿದ್ದರೂ ತಿನ್ನಲು ಯೋಗ್ಯವಲ್ಲ.

ಕೆಂಪು ಬಣ್ಣ ಕಲಿಸಿದ ಪಾಠ

ನಮ್ಮ ಪೇಟೆಗಳಿಗೆ ಕಾಶ್ಮೀರ ಮತ್ತು ಹಿಮಾಚಲ ಪ್ರದೇಶಗಳಿಂದ ಬರುವ ಹಣ್ಣಿನಲ್ಲಿ ಬಹುಪಾಲು ಡಿಲಿಷಸ್ ವರ್ಗದ್ದು. ಇದರ ಮೂಲ ಗಿಡ ಅಮೆರಿಕದ ಅಯೋವಾ ರಾಜ್ಯದಲ್ಲಿ ಜೆಸ್ಸಿ ಹಿಯಾಟ್ ಎಂಬ ರೈತನ ತೋಟದಲ್ಲಿ 1870ರ ದಶಕದಲ್ಲಿ ತಾನಾಗಿ ಹುಟ್ಟಿಕೊಂಡದ್ದು. 1890ರ ದಶಕದಲ್ಲಿ ಸ್ಟಾರ್ಕ್ ಸಹೋದರರ ನರ್ಸರಿ ಅದನ್ನು ಕೊಂಡು ಪ್ರಚಾರಕ್ಕೆ ತಂದಿತು. ಸತ್ಯಾನಂದ ಸ್ಟೋಕ್ಸ್ ಅವರು 1916ರಲ್ಲಿ ಇದನ್ನು ಶಿಮ್ಲಾ ಬೆಟ್ಟಗಳ ಕೋಟ್‌ಗಢದಲ್ಲಿ ನೆಟ್ಟರು. ಅಲ್ಲಿಂದ ಹಿಮಾಚಲದ ಬೆಟ್ಟದ ರೈತರ ಬದುಕೇ ಬದಲಾಯಿತು.

ಮೂಲ ಡಿಲಿಷಸ್ ಹಣ್ಣು ಹಳದಿ ಮೈ ಮೇಲೆ ಕೆಂಪು ಗೆರೆಗಳಿದ್ದ, ರುಚಿಗೆ ಹೆಸರಾದ ಹಣ್ಣು. ಪೇಟೆಯಲ್ಲಿ ಕೆಂಪಿಗೆ ಬೆಲೆ ಹೆಚ್ಚಿದಂತೆ, ಹೆಚ್ಚು ಕೆಂಪು ಹಣ್ಣು ಬಿಟ್ಟ ಕೊಂಬೆಗಳನ್ನೇ ಆರಿಸಿ ಕಸಿ ಕಟ್ಟುತ್ತ ಬರಲಾಯಿತು. ಹೊಸ ಹೊಸ ಉಪತಳಿಗಳಲ್ಲಿ ಕಾಯಿ ಬಲಿಯುವ ಮೊದಲೇ ಕೆಂಪು ಬಂತು. ಕೆಂಪಾಯಿತೆಂದು ಪಿಷ್ಟ ಸಕ್ಕರೆಯಾಗುವ ಮೊದಲೇ ಕೊಯ್ದು, ತಿಂಗಳುಗಟ್ಟಲೆ ಶೀತಗೃಹದಲ್ಲಿಟ್ಟು ಮಾರಿದರು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1980ರ ದಶಕದಲ್ಲಿ ಬೆಳೆಯುತ್ತಿದ್ದ ಸೇಬಿನಲ್ಲಿ ಸುಮಾರು ಮುಕ್ಕಾಲು ಪಾಲು ಈ ಒಂದೇ ಹಣ್ಣು. ಕೊನೆಗೆ ಗ್ರಾಹಕರು ಬೇರೆ ತಳಿಗಳತ್ತ ತಿರುಗಿದರು, ಬೆಲೆ ಕುಸಿಯಿತು. 2018ರಲ್ಲಿ ಗಾಲಾ ತಳಿ ರೆಡ್ ಡಿಲಿಷಸ್ಸನ್ನು ಹಿಂದಿಕ್ಕಿ ಆ ದೇಶದಲ್ಲಿ ಮೊದಲ ಸ್ಥಾನಕ್ಕೆ ಬಂತು. ಕಣ್ಣಿಗೆ ಬೆಳೆದವರು ನಾಲಿಗೆಯನ್ನು ಕಳೆದುಕೊಂಡರು ಎಂಬುದೇ ಇದರ ಪಾಠ.

ಮುಖ್ಯ ತಳಿಗಳ ಹೋಲಿಕೆ

ರೆಡ್ ಡಿಲಿಷಸ್: ಉದ್ದನೆಯ ಹಣ್ಣು, ಬುಡದಲ್ಲಿ ಐದು ಉಬ್ಬುಗಳು. ಸಿಹಿ ಇದೆ, ಹುಳಿ ಬಹಳ ಕಡಿಮೆ, ಸಿಪ್ಪೆ ದಪ್ಪ. ಸರಿಯಾಗಿ ಬಲಿತಾಗ ಕೊಯ್ದು ಬೇಗ ತಿಂದರೆ ಒಳ್ಳೆಯ ಹಣ್ಣೇ. ಹೊರಗೆ ಇಟ್ಟರೆ ಬೇಗ ಹಿಟ್ಟಾಗುವುದು ಇದರ ದೊಡ್ಡ ದೋಷ. ಹಿಮಾಚಲದಲ್ಲಿ ‘ರಾಯಲ್’ ಎಂದು ಮಾರುವ ಹಣ್ಣು ಇದೇ ವರ್ಗದ್ದು.

ಗೋಲ್ಡನ್ ಡಿಲಿಷಸ್: ಹೆಸರು ಹೋಲಿದರೂ ಇದು ಬೇರೆಯೇ ತಳಿ, ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಹುಟ್ಟಿದ್ದು. ಹಳದಿ ಹಣ್ಣು, ತೆಳು ಸಿಪ್ಪೆ, ಜೇನಿನಂಥ ಸಿಹಿ, ಒಳ್ಳೆಯ ಪರಿಮಳ. ಸಿಪ್ಪೆ ತೆಳುವಾದ್ದರಿಂದ ಬೇಗ ಸುಕ್ಕುಗಟ್ಟುತ್ತದೆ. ನಮ್ಮ ಪೇಟೆಯಲ್ಲಿ ಬಣ್ಣದ ದೆಸೆಯಿಂದ ಇದಕ್ಕೆ ಸಲ್ಲಬೇಕಾದ ಬೆಲೆ ಸಿಗುತ್ತಿಲ್ಲ.

ಗ್ರಾನಿ ಸ್ಮಿತ್: ಹಣ್ಣಾದರೂ ಹಸಿರಾಗಿಯೇ ಉಳಿಯುವ ತಳಿ. ಆಸ್ಟ್ರೇಲಿಯಾದ ಸಿಡ್ನಿಯ ಬಳಿ 1868ರ ಸುಮಾರಿಗೆ ಮರಿಯಾ ಆನ್ ಸ್ಮಿತ್ ಎಂಬ ಮಹಿಳೆಯ ತೋಟದಲ್ಲಿ ಕಂಡುಬಂದಿತು. ಗಟ್ಟಿ, ರಸಭರಿತ, ಎದ್ದು ಕಾಣುವ ಹುಳಿ. ಉಪ್ಪುಖಾರ ಹಚ್ಚಿ ತಿನ್ನುವವರಿಗೆ ಬಹಳ ಹಿಡಿಸುತ್ತದೆ. ಬಹುದಿನ ತಾಳುತ್ತದೆ.

ಗಾಲಾ: ನ್ಯೂಜಿಲೆಂಡಿನಲ್ಲಿ ಜೆ. ಎಚ್. ಕಿಡ್ ಅವರು ಗೋಲ್ಡನ್ ಡಿಲಿಷಸ್‌ನೊಡನೆ ಸಂಕರ ಮಾಡಿ ಪಡೆದ ತಳಿ. ಸಾಧಾರಣ ಗಾತ್ರ, ತೆಳು ಸಿಪ್ಪೆ, ಗರಿಗರಿ, ಹಿತವಾದ ಸಿಹಿ. ಮಕ್ಕಳಿಗೆ ಪ್ರಿಯವಾದ ಹಣ್ಣು. ಬೇಗ ಕೊಯ್ಲಿಗೆ ಬರುತ್ತದೆ.

ಫ್ಯೂಜಿ: ಜಪಾನಿನಲ್ಲಿ ರಾಲ್ಸ್ ಜಾನೆಟ್ ಮತ್ತು ರೆಡ್ ಡಿಲಿಷಸ್ ತಳಿಗಳ ಸಂಕರದಿಂದ ಪಡೆದು 1962ರಲ್ಲಿ ಹೆಸರಿಟ್ಟ ತಳಿ. ಬಣ್ಣ ಮಸುಕು ಗುಲಾಬಿ. ಆದರೆ ಸಿಹಿಯಲ್ಲಿ, ಗರಿಗರಿತನದಲ್ಲಿ, ತಾಳಿಕೆಯಲ್ಲಿ ಮೊದಲ ಸಾಲಿನದು. ಬಣ್ಣ ಕಡಿಮೆಯಿದ್ದರೂ ರುಚಿಯಿಂದಲೇ ಪೇಟೆ ಗೆದ್ದ ಹಣ್ಣಿಗೆ ಇದು ಉತ್ತಮ ಉದಾಹರಣೆ.

ಅಂಬ್ರಿ: ಕಾಶ್ಮೀರದ ನಾಡ ತಳಿ. ತಡವಾಗಿ ಹಣ್ಣಾಗುತ್ತದೆ. ಪರಿಮಳಕ್ಕೆ ಮತ್ತು ತಾಳಿಕೆಗೆ ಪ್ರಸಿದ್ಧ. ಡಿಲಿಷಸ್ ಬಂದ ಮೇಲೆ ಇದರ ತೋಟಗಳು ಬಹಳ ಕಡಿಮೆಯಾದವು. ಇದನ್ನು ರೆಡ್ ಡಿಲಿಷಸ್‌ನೊಡನೆ ಸಂಕರ ಮಾಡಿ ‘ಲಾಲ್ ಅಂಬ್ರಿ’ ಎಂಬ ತಳಿಯನ್ನು ಕಾಶ್ಮೀರದಲ್ಲಿ ಪಡೆಯಲಾಗಿದೆ.

ಬಯಲು ಸೀಮೆಗೆ ಬಂದ ಸೇಬುಗಳು

ರೆಡ್ ಡಿಲಿಷಸ್ ಗಿಡಕ್ಕೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆ ಸುಮಾರು 1000 ಗಂಟೆಗಳ ಕಾಲ ಸಿಗಬೇಕು. ನಮ್ಮಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ಇಲ್ಲಿಗೆ ಬಂದಿರುವುದು ಇಸ್ರೇಲಿನ ಆನ್ನಾ, ಬಹಾಮಾ ದ್ವೀಪಗಳ ಡಾರ್ಸೆಟ್ ಗೋಲ್ಡನ್ ಮತ್ತು ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರು ರೂಪಿಸಿದ ಎಚ್.ಆರ್.ಎಂ.ಎನ್.-99 ತಳಿಗಳು. ಶ್ರೀ ಶರ್ಮಾ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿದೆ.

ಈ ಹಣ್ಣುಗಳಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದು ಸ್ಪಷ್ಟವಿರಲಿ. ಸೇಬಿನ ಸಿಪ್ಪೆ ಕೆಂಪಾಗಲು ಒಳ್ಳೆಯ ಬಿಸಿಲಿನ ಜೊತೆಗೆ ತಂಪಾದ ರಾತ್ರಿಗಳು ಬೇಕು. ರಾತ್ರಿ ಸೆಕೆಯಿದ್ದರೆ ಹಣ್ಣು ಹಳದಿ ಹಸಿರಾಗಿಯೇ ಉಳಿದು, ಬಿಸಿಲು ಬಿದ್ದ ಕೆನ್ನೆಯಷ್ಟೇ ಕೆಂಪೇರುತ್ತದೆ. ಇದು ದೋಷವಲ್ಲ, ಸ್ಥಳದ ಗುಣ. ಆನ್ನಾ ಹಣ್ಣು ಗಿಡದಿಂದ ಕೊಯ್ದ ಹೊಸದರಲ್ಲಿ ಗರಿಗರಿಯಾಗಿ, ಸಿಹಿಯ ಜೊತೆ ಹುಳಿ ಬೆರೆತು ಚೆನ್ನಾಗಿರುತ್ತದೆ. ಆದರೆ ಹೊರಗಿಟ್ಟರೆ ಬೇಗ ಮೆತ್ತಗಾಗುತ್ತದೆ. ಡಾರ್ಸೆಟ್ ಗೋಲ್ಡನ್ ರುಚಿಯಲ್ಲಿ ಗೋಲ್ಡನ್ ಡಿಲಿಷಸ್ಸನ್ನು ಹೋಲುತ್ತದೆ. ಆನ್ನಾ ಗಿಡಕ್ಕೆ ಪರಾಗ ಒದಗಿಸಲು ಇದನ್ನು ಜೊತೆಯಲ್ಲಿ ನೆಡುವುದು ರೂಢಿ.

ಬಣ್ಣದಲ್ಲಾಗಲಿ ತಾಳಿಕೆಯಲ್ಲಾಗಲಿ ಬೆಟ್ಟದ ಹಣ್ಣಿನೊಡನೆ ಪೈಪೋಟಿ ನಡೆಸಲು ಇವಕ್ಕೆ ಆಗದು. ಇವುಗಳ ಬಲ ಇರುವುದು ತಾಜಾತನದಲ್ಲಿ. ನಮ್ಮ ಹಣ್ಣು ಬೇಸಿಗೆಯ ಕೊನೆಗೆ ಕೊಯ್ಲಿಗೆ ಬಂದರೆ, ಆ ವೇಳೆಗೆ ಪೇಟೆಯಲ್ಲಿರುವ ಉತ್ತರದ ಹಣ್ಣು ಹಿಂದಿನ ವರ್ಷದ ಶೀತಗೃಹದ ದಾಸ್ತಾನು. ಆದ್ದರಿಂದ ಇವನ್ನು ದೂರದ ಮಂಡಿಗೆ ಕಳಿಸದೆ, ಕೊಯ್ದ ಎರಡು ಮೂರು ದಿನಗಳಲ್ಲಿ ಹತ್ತಿರದ ಊರಿನಲ್ಲಿಯೇ, ಗಿರಾಕಿಗೆ ಒಂದು ಹೋಳು ತಿನ್ನಿಸಿ ಮಾರುವುದು ಲೇಸು. ಕೆಂಪು ಬರಿಸಲೆಂದು ಎಥ್ರೆಲ್ ಸಿಂಪಡಿಸಬಾರದು. ಅದರಿಂದ ಬಣ್ಣ ಬಂದರೂ ಹಣ್ಣು ಬೇಗ ಮೆತ್ತಗಾಗಿ, ಇರುವ ಒಂದು ಬಲವೂ ಕೈತಪ್ಪುತ್ತದೆ.

ರುಚಿ ನೋಡುವ ಕ್ರಮ

ಸಸಿ ಕೊಳ್ಳುವ ಮೊದಲು, ಆ ತಳಿ ಈಗಾಗಲೇ ಫಲ ಕೊಡುತ್ತಿರುವ ತೋಟಕ್ಕೆ ಹೋಗಿ ಹಣ್ಣು ತಂದು ಪರೀಕ್ಷಿಸಿ.

1. ಹೋಲಿಸುವ ಹಣ್ಣುಗಳೆಲ್ಲ ಒಂದೇ ತಾಜಾತನದವು, ಒಂದೇ ಉಷ್ಣತೆಯಲ್ಲಿ ಇಟ್ಟವು ಆಗಿರಲಿ. ನಿನ್ನೆ ಕೊಯ್ದದ್ದನ್ನು ಎಂಟು ತಿಂಗಳ ಹಿಂದೆ ಕೊಯ್ದದ್ದರೊಡನೆ ಹೋಲಿಸಿದರೆ ತಳಿಯ ಗುಣ ತಿಳಿಯುವುದಿಲ್ಲ.

2. ಒಂದು ಹಣ್ಣನ್ನು ಅಡ್ಡಲಾಗಿ ಕೊಯ್ದು ತೆಳು ಅಯೋಡಿನ್ ದ್ರಾವಣ ಹಚ್ಚಿ. ಹೋಳೆಲ್ಲ ಕಡುನೀಲಿಯಾದರೆ ಪಿಷ್ಟ ಇನ್ನೂ ಇದೆ, ಕಾಯಿ ಬಲಿತಿಲ್ಲ ಎಂದರ್ಥ. ಈ ಹೋಳನ್ನು ತಿನ್ನಬಾರದು.

3. ಉಳಿದ ಹಣ್ಣುಗಳ ಸಿಪ್ಪೆ ತೆಗೆದು, ಹೋಳುಗಳಿಗೆ ತಳಿಯ ಹೆಸರಿನ ಬದಲು ಸಂಖ್ಯೆ ಕೊಟ್ಟು, ಮನೆಯ ಐದಾರು ಜನರಿಗೆ ತಿನ್ನಲು ಕೊಡಿ. ಪ್ರತಿ ಹೋಳಿನ ನಂತರ ಬಾಯಿ ಮುಕ್ಕಳಿಸಬೇಕು.

4. ಗರಿಗರಿತನ, ರಸ, ಸಿಹಿ-ಹುಳಿ, ಪರಿಮಳ ಇವಕ್ಕೆ ತಲಾ 10 ಅಂಕ ಕೊಡಲಿ. ಬಳಿಕ ಸಿಪ್ಪೆಸಹಿತ ಒಂದು ಹೋಳು ತಿಂದು ಸಿಪ್ಪೆಗೆ 10 ಅಂಕ ಕೊಡಲಿ.

5. ಅದೇ ಹಣ್ಣುಗಳಲ್ಲಿ ಕೆಲವನ್ನು ಮನೆಯಲ್ಲಿ 8 ದಿನ ಹೊರಗಿಟ್ಟು, ಇದೇ ರೀತಿ ಮತ್ತೊಮ್ಮೆ ಪರೀಕ್ಷಿಸಿ. ಎರಡೂ ಸಲದ ಅಂಕಗಳ ನಡುವಿನ ಇಳಿತವೇ ಆ ಹಣ್ಣನ್ನು ಎಷ್ಟು ದಿನದೊಳಗೆ, ಎಷ್ಟು ದೂರದಲ್ಲಿ ಮಾರಬಹುದೆಂದು ತಿಳಿಸುತ್ತದೆ.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬುದು ನಮ್ಮ ಹಿರಿಯರ ಮಾತು. ಸೇಬಿನಲ್ಲಿ ನೋಟಕ್ಕೆ ಮೊದಲ ಮಣೆ ಹಾಕಿದವರ ಗತಿ ಏನಾಯಿತೆಂಬುದು ನಮ್ಮ ಕಣ್ಣಮುಂದಿದೆ. ಒಂದೆರಡು ಗಿಡ ನೆಟ್ಟು, ಫಲ ಬಂದ ಮೇಲೆ ರುಚಿ ಮತ್ತು ತಾಳಿಕೆ ಎರಡನ್ನೂ ನೋಡಿ, ಆ ಬಳಿಕವೇ ತೋಟವನ್ನು ವಿಸ್ತರಿಸುವುದು ಜಾಣತನ.