ಕಬ್ಬನ್ ಪಾರ್ಕ್‌ನಲ್ಲಿ ಬೆಲ್ ಯಾವಾಗ ಹೊಡೀಬೇಕು?

ಭಾನುವಾರ ಕಬ್ಬನ್ ಪಾರ್ಕ್ ಒಳಗಿನ ರಸ್ತೆಗಳಲ್ಲಿ ಕಾರು, ಬೈಕ್ ಓಡಾಡಲ್ಲ. ಬೆಳಗ್ಗೆಯಿಂದಲೇ ಸೈಕಲ್‌ನವರು, ಓಡೋರು, ನಾಯಿ ಕರ್ಕೊಂಡು ಬಂದೋರು, ಎಲ್ಲರೂ ಅದೇ ರಸ್ತೇಲಿ.

ಸೈಕಲ್‌ನವರೇ, ಮೊದಲು ನಿಮಗೆ. ಯಾಕಂದ್ರೆ ಇಲ್ಲಿ ವೇಗ ಜಾಸ್ತಿ ಇರೋದು ನಿಮ್ದೇ. ಗಂಟೆಗೆ 20 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಐದೂವರೆ ಮೀಟರ್. ಬೆನ್ನ ಹಿಂದೆ ಬಂದ್ಮೇಲೆ ಬೆಲ್ ಹೊಡೆದ್ರೆ, ಮುಂದಿರೋರು ಬೆಚ್ಚಿಬಿದ್ದು ಪಕ್ಕಕ್ಕೆ ಹಾರ್ತಾರೆ. ಎಷ್ಟೋ ಸಲ ನಿಮ್ಮ ಚಕ್ರದ ಕಡೆಗೇ! 20 ಮೀಟರ್ ದೂರ ಇದ್ದಾಗ್ಲೇ ಬೆಲ್ ಹೊಡೀರಿ. ನಡೆಯೋರಿಗೆ ಮೂರೂವರೆ ಸೆಕೆಂಡ್ ಸಿಗುತ್ತೆ. ಪೆಡಲ್ ನಿಲ್ಲಿಸಿ, ಬ್ರೇಕ್ ಮೇಲೆ ಬೆರಳಿಡಿ, "ಬಲಗಡೆಯಿಂದ ಬರ್ತಿದೀನಿ ಸಾರ್" ಅನ್ನಿ. ಕೇಳಿಸ್ಲಿಲ್ವಾ? ನಿಧಾನವಾಗಿ ಹಿಂದೆಯೇ ಬನ್ನಿ. ಸ್ಪೀಡ್ ಪ್ರಾಕ್ಟೀಸ್‌ಗೆ ಪಾರ್ಕ್ ಜಾಗ ಅಲ್ವೇ ಅಲ್ಲ.

ನಾಯಿ ಹಿಡ್ಕೊಂಡಿರೋರೇ, ಹಿಡಿಯೊಳಗಿಂದ ಬಿಚ್ಚಿಕೊಳ್ಳೋ ಹಗ್ಗ ಇದ್ರೆ ಹುಷಾರು. ಎಳೆದಷ್ಟೂ ಉದ್ದ ಬಿಚ್ಚಿಕೊಳ್ಳುತ್ತೆ. ನಾಯಿ ರಸ್ತೆಯ ಆ ಕಡೆ, ನೀವು ಈ ಕಡೆ, ಮಧ್ಯೆ ಮೊಣಕಾಲೆತ್ತರಕ್ಕೆ ತೆಳ್ಳನೆ ದಾರ. ಮುಂಜಾನೆ ಬೆಳಕಲ್ಲಿ ಅದು ಕಾಣೋದೇ ಇಲ್ಲ. ಓಡೋರ ಕಾಲಿಗೂ ಅಪಾಯ, ನಾಯಿ ಕುತ್ತಿಗೆಗೂ ಅಪಾಯ. ಜನ ಇದ್ದ ಕಡೆ ಹಗ್ಗ ಗಿಡ್ಡ ಮಾಡಿ, ಹಿಡಿಯ ಲಾಕ್ ಒತ್ತಿ. ನಾಯಿ ಅಂಚಿನ ಕಡೆ ಇರ್ಲಿ, ನೀವು ರಸ್ತೆ ಕಡೆ. ಕಕ್ಕ ಎತ್ತೋಕೆ ಜೇಬಲ್ಲೊಂದು ಕವರ್.

ಓಡೋರೇ, ಒಂದು ಕಿವಿಯಾದ್ರೂ ಖಾಲಿ ಇರ್ಲಿ. ಗುಂಪಾಗಿ ಬಂದ್ರೆ ರಸ್ತೆ ತುಂಬ ಸಾಲಾಗಿ ಓಡ್ಬೇಡಿ. ವಾಪಸ್ ತಿರುಗೋ ಮುಂಚೆ ಹಿಂದೆ ನೋಡಿ. ಗುರುತಿಲ್ಲದ ನಾಯಿ ಎದುರು ಬಂದ್ರೆ, ಓಡದೆ ನಡ್ಕೊಂಡು ಅದನ್ನ ದಾಟಿ. ಮುಟ್ಬೇಕು ಅನ್ನಿಸಿದ್ರೆ, ಮೊದಲು ಅದರ ಜೊತೇಲಿರೋರನ್ನ ಕೇಳಿ.