ತೊಟ್ಟಿಲಲ್ಲೊಂದು ಹೆಸರು, ಕರೆಯಲೊಂದು ಹೆಸರು

ಮಗುವಿಗೆ ಹೆಸರಿಡುವ ಮಾತು ಬಂತೆಂದರೆ ಮನೆಯಲ್ಲಿ ಸಣ್ಣ ಯುದ್ಧವೇ ಶುರು. ನೀವು ಆಸೆಪಟ್ಟು ಒಂದು ಹೆಸರು ಹೇಳಿದರೆ, 'ಇದ್ಯಾವ ದೇವರ ಹೆಸರಮ್ಮಾ?' ಅಂತ ಅತ್ತೆ ಮುಖ ಸಿಂಡರಿಸುತ್ತಾರೆ. ಇದು ನಮ್ಮ ಮನೆಗಳ ಕತೆ ಮಾತ್ರ ಅಂದುಕೊಂಡಿರಾ? ರಷ್ಯಾದಲ್ಲಿ 'ಸ್ವೆತ್ಲಾನಾ' ಎಂಬ ಹೆಸರಿಗೂ ಇದೇ ಪಾಡಾಗಿತ್ತು.

ಕೇಳಲು ಪುರಾತನ ಅನ್ನಿಸುವ ಈ ಹೆಸರು ಕವಿಗಳ ಕೊಡುಗೆ. ರಷ್ಯನ್ ಭಾಷೆಯಲ್ಲಿ 'ಸ್ವೆತ್ಲಿ' ಅಂದರೆ ಬೆಳಕು ತುಂಬಿದ ಎಂದರ್ಥ. ಅದರಿಂದಲೇ 1802ರಲ್ಲಿ ಅಲೆಕ್ಸಾಂಡರ್ ವೊಸ್ತೊಕೊವ್ ತನ್ನ ಕಾವ್ಯದ ನಾಯಕಿಗೆ ಈ ಹೆಸರು ಕಟ್ಟಿದ. 1813ರಲ್ಲಿ ಪ್ರಕಟವಾದ ವಸಿಲಿ ಝುಕೊವ್ಸ್ಕಿಯ ಕಥನಕವನ ಅದನ್ನು ಮನೆಮಾತಾಗಿಸಿತು. ದೂರ ಹೋದ ಇನಿಯನಿಗಾಗಿ ಕಾಯುತ್ತಾ, ರಾತ್ರಿ ಕನ್ನಡಿಯ ಮುಂದೆ ಮೇಣದಬತ್ತಿ ಹಚ್ಚಿ ಭವಿಷ್ಯ ನೋಡುವ ಹುಡುಗಿ ಅವಳು. ಕೆಟ್ಟ ಕನಸು ಕಂಡು ಬೆಚ್ಚಿ ಎದ್ದರೆ, ಅವನು ಮನೆಗೇ ಬರುತ್ತಾನೆ!

ಹೆಸರು ಎಲ್ಲರಿಗೂ ಇಷ್ಟವಾಯಿತು, ಹಡಗಿಗೂ ಇಟ್ಟರು. ಆದರೆ ಮಗುವಿಗೆ? ಚರ್ಚಿನ ದೀಕ್ಷಾಸ್ನಾನದಲ್ಲಿ ಸಂತರ ಹೆಸರನ್ನೇ ಇಡಬೇಕು. ಆ ಪಟ್ಟಿಯಲ್ಲಿ ಸ್ವೆತ್ಲಾನಾ ಇರಲಿಲ್ಲ. ಅದಕ್ಕೂ ದಾರಿ ಸಿಕ್ಕಿತು. ಚರ್ಚಿನಲ್ಲಿ ಗ್ರೀಕ್ ಮೂಲದ 'ಫೋತಿನಾ', ಮನೆಯಲ್ಲಿ ಸ್ವೆತ್ಲಾನಾ. ಎರಡರಲ್ಲೂ ಇರುವುದು ಬೆಳಕೇ!

1917ರ ಕ್ರಾಂತಿಯ ನಂತರ ಈ ಕಟ್ಟು ಸಡಿಲವಾಗಿ ಹೆಸರು ಊರೂರಿಗೆ ಹಬ್ಬಿತು. 1926ರಲ್ಲಿ ಹುಟ್ಟಿದ ಸ್ಟಾಲಿನ್ ಮಗಳಿಗೂ ಅದೇ ಹೆಸರು. ತನ್ನ ಭಾರತೀಯ ಸಂಗಾತಿಯ ಚಿತಾಭಸ್ಮ ಹಿಡಿದು 1966ರಲ್ಲಿ ನಮ್ಮ ದೇಶಕ್ಕೆ ಬಂದವಳು, ಮರುವರ್ಷ ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಯ ಬಾಗಿಲು ತಟ್ಟಿದಳು. ತಂದೆಯ ಹೆಸರನ್ನು ಮೊದಲೇ ಬಿಟ್ಟು ತಾಯಿಯ ಮನೆತನದ ಹೆಸರು ಇಟ್ಟುಕೊಂಡಿದ್ದಳು. ಅಮೆರಿಕದಲ್ಲಿ 'ಲಾನಾ' ಆದಳು. ಅಂತೂ ಪುಟ್ಟಂದಿನ ಹೆಸರಿನ ಒಂದು ತುಣುಕು ಕೊನೆತನಕ ಜೊತೆಗಿತ್ತು. 1984ರಲ್ಲಿ ಬಾಹ್ಯಾಕಾಶದಲ್ಲಿ ನಡೆದ ಮೊದಲ ಮಹಿಳೆ ಸ್ವೆತ್ಲಾನಾ ಸವಿತ್ಸ್ಕಾಯಾ. 2015ರಲ್ಲಿ ಸಾಹಿತ್ಯದ ನೊಬೆಲ್ ಪಡೆದವರು ಬೆಲಾರೂಸ್‌ನ ಸ್ವೆತ್ಲಾನಾ ಅಲೆಕ್ಸಿಯೆವಿಚ್.

ಮುದ್ದಿಗೆ ಅಲ್ಲಿ 'ಸ್ವೆತಾ' ಅಂತಾರೆ. ಪಕ್ಕದ ಮನೆ ಶ್ವೇತಾ ನೆನಪಾದಳೇ? ನೆನಪಾಗಲೇಬೇಕು. ಸಂಸ್ಕೃತದ 'ಶ್ವೇತ', ರಷ್ಯನ್ನಿನ 'ಸ್ವೆತ್' ಎರಡೂ ಒಂದೇ ಬೇರಿನ ಚಿಗುರುಗಳು ಎನ್ನುತ್ತಾರೆ ಭಾಷಾತಜ್ಞರು.

ಹಾಗಾಗಿ ಹೊಸ ಹೆಸರು ಅಂತ ಹಿಂಜರಿಯಬೇಡಿ. ಅರ್ಥ ತಿಳಿದುಕೊಳ್ಳಿ, ನಾಲ್ಕು ಸಲ ಜೋರಾಗಿ ಕರೆದು ನೋಡಿ. ಅತ್ತೆಯ ಮನಸ್ಸನ್ನೂ ನೋಯಿಸಬೇಡಿ. ತೊಟ್ಟಿಲಲ್ಲಿ ಅವರು ಹೇಳಿದ ಹೆಸರಿರಲಿ, ಕರೆಯೋಕೆ ನಿಮ್ಮದಿರಲಿ. ಮುಂದೆ ಅಜ್ಜಿಯೇ ನೀವಿಟ್ಟ ಹೆಸರು ಹಿಡಿದು ಮೊಮ್ಮಗಳನ್ನು ಊಟಕ್ಕೆ ಕೂಗುತ್ತಾರೆ, ನೋಡ್ತಾ ಇರಿ!